ತೆರೆದೇ ಉಳಿದ ಶಟರ್

“ಗುರುಗಳೇ, ಒಳ್ಳೆಯ ಕೆಲಸ ಮಾಡಿದವನ ಗುರುತು ಎಲ್ಲಿಯೂ ಉಳಿಯದಿದ್ದರೆ, ಅವನು ಅಲ್ಲಿದ್ದ ಎನ್ನುವುದಕ್ಕೆ ಸಾಕ್ಷಿ ಯಾವುದು?” ಎಂದು ಪ್ರಭುಲಿಂಗ ಕೇಳಿದ. ಮಠದ ಕೊಳದ ಹೂಳೆತ್ತಿದವರಲ್ಲಿ ಅವನೂ ಒಬ್ಬ. ಕೊಳ ತುಂಬಿದ ದಿನ ಅವನ ಹೆಸರನ್ನು ಯಾರೂ ಎತ್ತಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಕಡಲತೀರದ ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ ಮುಂಜಿಗಳ ಫೋಟೋ ತೆಗೆಯುವುದು ಅವನ ಕಸುಬು. ಒಮ್ಮೆ ಅವನಿಗೆ ಅಗಲ ಫಿಲ್ಮಿನ ಹಳೆಯ ಕ್ಯಾಮೆರಾ ಒಂದು ಸಿಕ್ಕಿತು. ಒಳಗೆ ಬೆಳಕು ಬಿಡುವ ಅದರ ಮುಚ್ಚಳವನ್ನು, ಅಂದರೆ ಶಟರನ್ನು, ಬೇಕಾದಷ್ಟು ಹೊತ್ತು ತೆರೆದಿಡಬಹುದಾಗಿತ್ತು. ಹಾಗೆ ತೆರೆದಿಟ್ಟರೆ ಅಲ್ಲಾಡದ ಬಂಡೆ ಬಂಡೆಯಾಗಿಯೇ ಮೂಡುತ್ತದೆ, ಅಪ್ಪಳಿಸುವ ಅಲೆಗಳೆಲ್ಲ ಒಂದರೊಳಗೊಂದು ಕರಗಿ ಮಂಜಿನಂತೆ ಕಾಣುತ್ತವೆ ಎಂದು ಅವನು ಕೇಳಿದ್ದ. ಕೇಳಿದ ದಿನದಿಂದ ಅವನಿಗೆ ಅದೇ ಗುಂಗು. ನದಿ ಕಡಲು ಸೇರುವಲ್ಲಿನ ಬಂಡೆಯನ್ನು ಹಾಗೆ ಹಿಡಿಯಬೇಕೆಂದು ಮನಸ್ಸು ಕುಣಿಯುತ್ತಿತ್ತು.

ಹಲವು ಸಂಜೆ ಹೋದ. ಒಂದು ದಿನ ಗಾಳಿಗೆ ಕ್ಯಾಮೆರಾ ಅಲುಗಿತು, ಇನ್ನೊಂದು ದಿನ ಲೆನ್ಸಿಗೆ ನೀರು ಸಿಡಿಯಿತು. ಕೊನೆಗೆ ರೀಲಿನಲ್ಲಿ ಒಂದೇ ಚಿತ್ರಕ್ಕೆ ಜಾಗ ಉಳಿಯಿತು. ಅಂದು ಸೂರ್ಯ ಮುಳುಗಿದ ಮೇಲೂ ಆಕಾಶ ಬೆಳ್ಳಗಿತ್ತು, ಅಲೆ ಜೋರಾಗಿತ್ತು, ಗಾಳಿ ನಿಂತಿತ್ತು. ಅವನು ಶಟರ್ ತೆರೆದ. ಇಷ್ಟು ನಿಮಿಷ ಎಂದು ಲೆಕ್ಕ ಹಾಕಿಕೊಂಡು ಗಡಿಯಾರ ನೋಡುತ್ತ ನಿಂತ.

ಅಷ್ಟರಲ್ಲಿ ಮೀನಿನ ದೋಣಿಯೊಂದು ನದಿಯ ಬಾಯಿಗೆ ಬಂತು. ಅದರ ಎಂಜಿನ್ ನಿಂತುಹೋಯಿತು. ದೋಣಿ ಅಡ್ಡ ತಿರುಗಿ ಬಂಡೆಯ ಕಡೆಗೆ ಸರಿಯತೊಡಗಿತು. ಅದರಲ್ಲಿದ್ದವನೊಬ್ಬ ಹಗ್ಗದ ತುದಿ ಕಚ್ಚಿಕೊಂಡು ಈಜಿ ದಡ ಸೇರಿದ. ದಡದಲ್ಲಿ ಇದ್ದದ್ದು ಒಬ್ಬ ಹೆಂಗಸು, ಇಬ್ಬರು ಮುದುಕರು. ಎಲ್ಲರೂ ಸೇರಿ ಎಳೆದರೂ ಹಗ್ಗ ಕೈಯಿಂದ ಜಾರುತ್ತಿತ್ತು.

ಹೆಂಗಸು ತಿರುಗಿ ನೋಡಿ ಕೂಗಿದಳು: “ತಮ್ಮಾ, ನನ್ನ ಗಂಡ ದೋಣಿಯಲ್ಲಿದ್ದಾನೆ. ಬಂದು ಹಿಡಿ.”

ಅವನು ಗಡಿಯಾರ ಬಿಟ್ಟು ಓಡಿದ. ಶಟರ್ ಮುಚ್ಚಬೇಕೆಂಬುದೂ ನೆನಪಾಗಲಿಲ್ಲ. ಕ್ಯಾಮೆರಾದ ಎದುರಿನಿಂದಲೇ ಹಾದುಹೋಗಿ ಹಗ್ಗಕ್ಕೆ ಕೈ ಹಾಕಿದ. ಎಳೆದರು, ಜಾರಿದರು, ಮತ್ತೆ ಎಳೆದರು. ಅಂಗೈ ಕಿತ್ತು ರಕ್ತ ಬಂತು. ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿದಾಗ ಎಲ್ಲರೂ ಒಟ್ಟಿಗೆ ಜಗ್ಗಿದರು. ದೋಣಿ ಬಂಡೆಯನ್ನು ತಪ್ಪಿಸಿ, ದೂರದ ಮರಳಿಗೆ ಬಂದು ಬಿತ್ತು. ಒಳಗಿದ್ದವರೆಲ್ಲ ಬದುಕಿದರು. ಯಾರು ಯಾರನ್ನು ತಬ್ಬಿಕೊಂಡರೋ ಯಾರಿಗೂ ಗೊತ್ತಾಗಲಿಲ್ಲ.

ಮಬ್ಬುಗತ್ತಲಿನಲ್ಲಿ ಅವನು ಕ್ಯಾಮೆರಾದ ಬಳಿಗೆ ಬಂದ. ಶಟರ್ ತೆರೆದೇ ಇತ್ತು. ಬೆಳಕು ಹೆಚ್ಚಾಗಿ ಚಿತ್ರ ಕೆಟ್ಟಿತು ಎಂದುಕೊಂಡು ಮುಚ್ಚಿದ. ಆದರೂ ಮನೆಗೆ ಹೋಗುವಾಗ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮರುದಿನ ಫಿಲ್ಮ್ ತೊಳೆದು, ಚಿತ್ರವನ್ನು ಕಾಗದಕ್ಕೆ ಇಳಿಸಿ ನೋಡಿದ. ಚಿತ್ರ ಕೆಟ್ಟಿರಲಿಲ್ಲ. ಬೆಳಕು ಕುಗ್ಗಿದಾಗ ಫಿಲ್ಮೂ ಮಂದವಾಗುತ್ತದೆ, ಚಿತ್ರ ಮೂಡಲು ಲೆಕ್ಕಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಆ ಕೆಲಸಕ್ಕೆ ಹೊಸಬನಾದ ಅವನಿಗೆ ಇದು ತಿಳಿದಿರಲಿಲ್ಲ. ತನ್ನ ಲೆಕ್ಕದಂತೆ ಮುಚ್ಚಿದ್ದರೆ ಬರೀ ಕಪ್ಪು ಸಿಗುತ್ತಿತ್ತು. ಈಗ ಬಂಡೆ ಕಡೆದಿಟ್ಟಂತೆ ನಿಂತಿತ್ತು, ಕಡಲು ಮಂಜಾಗಿತ್ತು. ಅವನು ಹಿಗ್ಗಿನಿಂದ ಒದ್ದೆ ಚಿತ್ರವನ್ನೇ ಹಿಡಿದು ಆ ಹೆಂಗಸಿನ ಮನೆಗೆ ಓಡಿದ.

ಅವಳು ಚಿತ್ರವನ್ನು ಬೆಳಕಿಗೆ ಹಿಡಿದು ಹುಡುಕಿದಳು. “ನಾವು ಯಾರೂ ಇದರಲ್ಲಿ ಇಲ್ಲವಲ್ಲ ತಮ್ಮಾ. ನೀನೂ ಇಲ್ಲ.”

“ಎಲ್ಲರೂ ಇದ್ದೆವು ಅಕ್ಕಾ. ಒಂದು ಕಡೆ ನಿಲ್ಲಲಿಲ್ಲ, ಅದಕ್ಕೇ ಮೂಡಿಲ್ಲ” ಎಂದ ಅವನು.

ಅವಳು ನಗುತ್ತ ಗಂಡನನ್ನು ಕರೆದಳು. ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು ಬಂದ. ಮೂವರೂ ಬಾಗಿಲಲ್ಲಿ ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದರು.

ಗುರುಗಳು ಕತೆ ಮುಗಿಸಿದರು. ಪ್ರಭುಲಿಂಗನಿಗೆ ಸಮಾಧಾನವಾಗಲಿಲ್ಲ. “ಆದರೆ ಗುರುಗಳೇ, ಅವನು ಅಲ್ಲಿದ್ದ ಎನ್ನುವುದಕ್ಕೆ ಕೊನೆಗೂ ಸಾಕ್ಷಿ ಸಿಗಲಿಲ್ಲವಲ್ಲ?”

ಗುರುಗಳು ಹೇಳಿದರು: “ಆ ಹೆಂಗಸಿನ ಗಂಡ ಊಟ ಬಿಟ್ಟು ಎದ್ದು ಬಂದನಲ್ಲ.”