ಅಟ್ಟಣೆ ಹತ್ತಿದ ಊರು

"ಅಜ್ಜಾರೇ, ಬರೀ ನೋಡಿದವನಿಗೂ ಪಾಪ ತಟ್ಟುತ್ತದೆಯೇ?" ಎಂದು ಶಿಷ್ಯ ಮರುಳಸಿದ್ಧ ಮಠದ ಗುರುಗಳನ್ನು ಕೇಳಿದ.

"ಯಾಕಪ್ಪಾ, ಏನು ನೋಡಿದೆ?" ಎಂದರು ಗುರುಗಳು.

ಅವನು ಹೇಳಿದ. ಮೊಬೈಲಿನ ಒಂದು ಜಾಲತಾಣದವರು ಹೊಸ ಪ್ರಯೋಗ ಶುರುಮಾಡಿದ್ದಾರೆ. ಯಾರು ಬೇಕಾದರೂ ತಾವು ಮಾಡುತ್ತಿರುವುದನ್ನು ಆ ಕ್ಷಣವೇ ಲೋಕಕ್ಕೆಲ್ಲ ಲೈವ್ ತೋರಿಸಬಹುದು. ನೋಡುವವರು ಹೆಬ್ಬೆರಳಿನಿಂದ ಒತ್ತಿದರೆ ಪರದೆಯ ಮೇಲೆ ಕೆಂಪು ಹೃದಯಗಳು ಹಾರುತ್ತವೆ. ನಿನ್ನೆ ಗುಡ್ಡದಾಚೆಯ ಕಲ್ಲುಕ್ವಾರಿಯಲ್ಲಿ ಒಬ್ಬ ತರುಣ ದಂಡೆಯ ಕಲ್ಲಿಗೆ ಮೊಬೈಲ್ ಆನಿಸಿಟ್ಟು, ತಾನು ಈಜುವುದನ್ನು ತೋರಿಸುತ್ತಿದ್ದ. ನಡುನೀರಿನಲ್ಲಿ ಕೈ ಎತ್ತಿದ. ಮುಳುಗಿ ಸತ್ತ. ಸಾವಿರಾರು ಜನ ನೋಡುತ್ತಿದ್ದರು.

"ನಾನೂ ನೋಡುತ್ತಿದ್ದೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ನಾನೇನೂ ಮಾಡಲಿಲ್ಲ, ಅಜ್ಜಾರೇ."

ಗುರುಗಳ ಮುಖ ಬಿಗಿಯಿತು. "ಕೂತುಕೋ," ಎಂದು ಈ ಕತೆ ಹೇಳಿದರು.

ಒಂದು ಊರಿತ್ತು. ಅಲ್ಲಿ ಯಾರಾದರೂ ಅಂಗಳದಲ್ಲಿ ನಿಂತು ಎರಡೂ ಕೈ ಬೀಸಿದರೆ ಕಂಡವರು ಓಡಿ ಹೋಗಬೇಕು. ಹಿರಿಯರಿಂದ ಬಂದ ಪದ್ಧತಿ. ಹೆರಿಗೆ ನೋವಿರಲಿ, ಹಾವಿರಲಿ, ಬೆಂಕಿಯಿರಲಿ, ಕೈ ಬೀಸಿದರೆ ಮುಗಿಯಿತು. ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಏಳುತ್ತಿದ್ದ.

ಆ ಊರಿಗೆ ಒಬ್ಬ ವರ್ತಕ ಬಂದ. ನಡುವೂರಿನಲ್ಲಿ ಎತ್ತರದ ಅಟ್ಟಣೆ ಕಟ್ಟಿಸಿದ. ಮೇಲೆ ನಿಂತರೆ ಎಲ್ಲರ ಅಂಗಳವೂ ಕಾಣುತ್ತಿತ್ತು. "ಹತ್ತಿ, ಒಬ್ಬರನ್ನೊಬ್ಬರು ನೋಡಿ ಸಂತೋಷಪಡಿ. ಇದು ಬರೀ ಪ್ರಯೋಗ," ಎಂದ. ಹತ್ತುವುದಕ್ಕೆ ಕಾಸು ಕೇಳಲಿಲ್ಲ. ಕೇಳುತ್ತಾನೆಯೇ, ಕಳ್ಳ! ಅಟ್ಟಣೆಯ ಬುಡದಲ್ಲಿ ಅವನದೇ ಮಂಡಕ್ಕಿ ಅಂಗಡಿಯಿತ್ತು.

ಊರಿಗೆ ಊರೇ ಮೇಲೇರಿತು. ಕೆಳಗೆ ಒಬ್ಬಳು ಕುಣಿದಳು. ಒಬ್ಬ ತಲೆಯ ಮೇಲೆ ಕೋಳಿ ಕೂರಿಸಿಕೊಂಡ. ನೋಡಿ ನೋಡಿ ಎಂದು ಕೈ ಬೀಸಿದರು. ಮೊದಮೊದಲು ಒಬ್ಬಿಬ್ಬರು ಇಳಿದು ಓಡಿದ್ದುಂಟು. "ಏನಿಲ್ಲ, ಸುಮ್ಮನೆ ಬೀಸಿದೆ," ಎಂದಾಗ ಪೆಚ್ಚಾಗಿ ಹಿಂದಿರುಗಿದರು. ಆಮೇಲೆ ಯಾರೂ ಇಳಿಯಲಿಲ್ಲ. ನಿಂತಲ್ಲಿಂದಲೇ ತಿರುಗಿ ಕೈ ಬೀಸುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಊರಂಚಿನಲ್ಲಿ ಒಬ್ಬ ನೇಕಾರ ಹೆಂಗಸಿನ ಗುಡಿಸಲಿಗೆ ಬೆಂಕಿ ಬಿತ್ತು. ಅವಳು ನೀರು ತರಲು ಹೋಗಿದ್ದಳು. ಒಳಗೆ ತೊಟ್ಟಿಲಲ್ಲಿ ಮಗು. ಓಡಿ ಬಂದರೆ ತೊಲೆ ಬಾಗಿಲಿಗೆ ಅಡ್ಡ ಬಿದ್ದಿತ್ತು. ಎತ್ತಿದಳು, ಏಳಲಿಲ್ಲ. ಅಂಗಳಕ್ಕೆ ಬಂದು ಅಟ್ಟಣೆಯತ್ತ ಎರಡೂ ಕೈ ಬೀಸಿದಳು.

ಊರೆಲ್ಲ ನೋಡಿತು. ಊರೆಲ್ಲ ತಿರುಗಿ ಕೈ ಬೀಸಿತು.

"ಇವಳದು ನಿನ್ನೆಯವರಿಗಿಂತ ಜೋರಾಗಿದೆ," ಎಂದನೊಬ್ಬ ಮಂಡಕ್ಕಿ ಮುಕ್ಕುತ್ತ. ಹೊಗೆ ಕಂಡು ಹೆದರಿದವರೂ ಇದ್ದರು. ಇಷ್ಟು ಜನ ನೋಡುತ್ತಿದ್ದೇವೆ, ಯಾರಾದರೂ ಹೋಗಿರುತ್ತಾರೆ ಎಂದುಕೊಂಡರು.

ದಾರಿಯಲ್ಲಿ ಹೋಗುತ್ತಿದ್ದ ಪರವೂರಿನ ಉಪ್ಪು ಮಾರುವವನೊಬ್ಬ ಮಾತ್ರ ಮೂಟೆ ಎಸೆದು ಓಡಿದ. ಇಬ್ಬರೂ ಸೇರಿ ತೊಲೆಗೆ ಹೆಗಲು ಕೊಟ್ಟರು. ಅದು ನಾಲ್ಕಾಳು ಎತ್ತುವ ತೊಲೆ. ಅಟ್ಟಣೆಯ ಮೇಲೆ ನೂರಾರು ಆಳಿದ್ದರು, ಥೂ! ಮಗು ಉಳಿಯಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗೆ ಪಂಚಾಯ್ತಿ ಸೇರಿತು. "ನಾನೇನು ಬೆಂಕಿ ಹಚ್ಚಿದೆನೇ? ಅಟ್ಟಣೆ ಕಟ್ಟಿದೆ, ಅಷ್ಟೆ," ಎಂದ ವರ್ತಕ. "ನಾವು ನೋಡಿದೆವು, ಅಷ್ಟೆ," ಎಂದರು ಜನ. ಉಪ್ಪಿನವನ ಅಂಗೈ ಸುಟ್ಟು ಹೋಗಿತ್ತು. ಅವನು ಊರಿನ ಹಿರಿಯರನ್ನು ಕೇಳಿದ, "ನಮ್ಮ ಕಡೆ ಕೈ ಬೀಸಿದರೆ ಬಾ ಎಂದರ್ಥ. ನಿಮ್ಮಲ್ಲಿ ಬೇರೆಯೇ?"

ಮರುದಿನ ವರ್ತಕ ಅಟ್ಟಣೆಯನ್ನು ಇನ್ನೊಂದು ಆಳೆತ್ತರ ಏರಿಸಿದ. ಹಿಂದೆ ನಿಂತವರಿಗೆ ಬೆಂಕಿ ಸರಿಯಾಗಿ ಕಾಣಿಸಿರಲಿಲ್ಲವಂತೆ!

ಕತೆ ಮುಗಿಸಿದ ಗುರುಗಳ ಉಸಿರು ಇನ್ನೂ ಜೋರಾಗಿಯೇ ಇತ್ತು.

ಮರುಳಸಿದ್ಧ ಮೆಲ್ಲಗೆ ಕೇಳಿದ, "ಹಾಗಾದರೆ ಪಾಪ ಆ ವರ್ತಕನದೇ, ಅಲ್ಲವೇ ಅಜ್ಜಾರೇ?"

"ಅವನ ಮನೆ ಹಾಳಾಗ, ಅವನ ಪಾಲು ಅವನಿಗಿದೆ. ಏನೂ ಮಾಡಲಿಲ್ಲ ಅಂದೆಯಲ್ಲ ತಮ್ಮಾ, ನೀರಿನಲ್ಲಿ ಆ ಹುಡುಗ ಕೈ ಎತ್ತಿದಾಗ ನಿನ್ನ ಹೆಬ್ಬೆರಳು ಏನು ಮಾಡುತ್ತಿತ್ತು?"

ಮರುಳಸಿದ್ಧ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.