ಸೋಸದ ಎಣ್ಣೆ

ಹೊಳೆದಂಡೆಯ ಆ ಆಶ್ರಮದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಯಾರೇ ಏನೇ ದುರಸ್ತಿ ಮಾಡಲಿ, ಅದರ ಮೊದಲ ಪರೀಕ್ಷೆ ಗುರುಗಳ ಮೈಮೇಲೆ. ಹೊಸ ಏಣಿ ಮೊದಲು ಹತ್ತುವವರು ಬೂದಯ್ಯಜ್ಜನವರೇ, ಹೊಸ ಹಗ್ಗ ಕಟ್ಟಿದ ಬಾವಿಗೆ ಮೊದಲು ಇಳಿಯುವವರೂ ಅವರೇ.

ಆಶ್ರಮಕ್ಕೆ ಒಂದು ಟ್ರ್ಯಾಕ್ಟರ್, ಅದರ ಹಿಂದೆ ಹೈಡ್ರಾಲಿಕ್ ಟ್ರೇಲರ್. ಎಣ್ಣೆಯ ಒತ್ತಡಕ್ಕೆ ಅದರ ಕಬ್ಬಿಣದ ತೊಟ್ಟಿ ಮೇಲೆದ್ದು, ತುಂಬಿದ ಕಲ್ಲುಗಳನ್ನು ಹಿಂದಕ್ಕೆ ಸುರಿಯುತ್ತಿತ್ತು. ಪ್ರತಿ ಅಮಾವಾಸ್ಯೆಗೆ ಟ್ಯಾಂಕಿನ ಬಾಯಿ ಒರೆಸಿ, ಫಿಲ್ಟರ್ ತೊಳೆದು, ಎಣ್ಣೆಯನ್ನು ಸಣ್ಣ ಜಾಲರಿಯಲ್ಲಿ ಸೋಸಿ ತುಂಬುವ ಕೆಲಸ ಶಿಷ್ಯ ಅಡಿವೆಪ್ಪನದು.

ಅವನಿಗೆ ಆ ಕೆಲಸವೆಂದರೆ ಅಷ್ಟಕ್ಕಷ್ಟೆ.

“ಅಜ್ಜಾರ, ಎಣ್ಣಿ ಟ್ಯಾಂಕಿನೊಳಗ ಇರ್ತೈತ್ರಿ. ಅದನ್ನ ಯಾರ್ ನೋಡ್ತಾರ್ರೀ?” ಎಂದು ಒಮ್ಮೆ ಕೇಳಿದ್ದ.

“ತೊಟ್ಟಿ ನೋಡ್ತೈತಿ,” ಎಂದಿದ್ದರು ಅಜ್ಜ.

ಇದೆಂಥ ಉತ್ತರವೆಂದು ಅವನು ತಲೆ ಕೆರೆದುಕೊಂಡಿದ್ದ.

ಆ ಅಮಾವಾಸ್ಯೆಯ ಬೆಳಿಗ್ಗೆ ಅಜ್ಜನವರ ಪ್ರವಚನವಿತ್ತು. ವಿಷಯ, ಅಂತರಂಗದ ಶುದ್ಧಿ. ಮುಂದಿನ ಸಾಲಿನಲ್ಲೇ ಜಾಗ ಹಿಡಿಯುವ ಆತುರಕ್ಕೆ ನಮ್ಮ ಅಡಿವೆಪ್ಪ ಫಿಲ್ಟರ್ ಮುಟ್ಟಲಿಲ್ಲ, ಜಾಲರಿ ಹುಡುಕಲಿಲ್ಲ. ಬಾಯಿ ತೆರೆದೇ ಇಟ್ಟಿದ್ದ ಡಬ್ಬಿಯಿಂದ ಎಣ್ಣೆಯನ್ನು ಗಳಗಳ ಸುರಿದು ಓಡಿದ. ಹೊಳೆಯ ಮರಳು ಗಾಳಿಗೆ ಹಾರಿ ಡಬ್ಬಿಯೊಳಗೆ ಬಿದ್ದದ್ದು ಕಣ್ಣಿಗೆ ಬಿದ್ದಿತ್ತು. ಆದರೂ ಪ್ರವಚನಕ್ಕೆ ಅವನು ತಲೆದೂಗಿದ್ದೇ ತಲೆದೂಗಿದ್ದು.

ಮುಗಿದ ಮೇಲೆ ಅಜ್ಜ ನೇರ ಟ್ರೇಲರ್ ಬಳಿ ಬಂದರು.

“ಎಣ್ಣಿ ಸೋಸಿದ್ಯೇನಪಾ?”

ನಾಲಿಗೆ ಒಂದು ಗಳಿಗೆ ತಡವರಿಸಿತು. “ಸೋಸೀನ್ರಿ ಅಜ್ಜಾರ.”

“ಹಂಗಾದ್ರ ಎತ್ತು. ಕೆಳಗ ಗ್ರೀಸ್ ಹಚ್ಚೂದೈತಿ.”

ಅಡಿವೆಪ್ಪ ಲಿವರ್ ಎಳೆದ. ತೊಟ್ಟಿ ಮೇಲೆದ್ದು ನಿಂತಿತು. ಅಜ್ಜ ಗ್ರೀಸ್ ಡಬ್ಬಿ ಎತ್ತಿಕೊಂಡರು.

“ತಡೀರಿ ಅಜ್ಜಾರ, ಆಸರಿಗೆ ಒಂದು ತೊಲಿ ಕೊಡ್ತೀನ್ರಿ.”

“ಯಾಕ? ಸೋಸಿದ ಎಣ್ಣಿ ಐತಲ್ಲ, ಅದ ಆಸರಿ.”

ಹಾಗೆಂದವರೇ ತಳದ ಚೌಕಟ್ಟಿನ ಮೇಲೆ ಅಂಗಾತ ಮಲಗಿ ಒಳಗೆ ಸರಿದರು. ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು.

ಅಡಿವೆಪ್ಪನಿಗೆ ಹೇಳಿಬಿಡಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಅಷ್ಟರಲ್ಲಿ ತೊಟ್ಟಿ ಗೇಣಷ್ಟು ಕೆಳಗಿಳಿದಂತೆ ಕಂಡಿತು. ಲಿವರ್ ನೋಡಿದ, ಅದು ಇದ್ದಲ್ಲೇ ಇತ್ತು. ಎಲ್ಲೋ ವಾಲ್ವಿನಲ್ಲಿ ಮರಳಿನ ಕಣ ಸಿಕ್ಕಿಕೊಂಡು ಎಣ್ಣೆ ಹಿಂದಕ್ಕೆ ಹರಿಯುತ್ತಿತ್ತು.

ದಿನಾ ಹಣೆಯಿಟ್ಟು ನಮಸ್ಕರಿಸುತ್ತಿದ್ದ ಪಾದಗಳನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ದರದರ ಎಳೆದ. ಅಜ್ಜ ನೆಲಕ್ಕೆ ಬಿದ್ದರು. ಮರುಗಳಿಗೆಯೇ ತೊಟ್ಟಿ ಧಡಾರನೆ ಚೌಕಟ್ಟಿನ ಮೇಲೆ ಬಂದು ಕೂತಿತು. ಒಳಗುಳಿದ ಗ್ರೀಸ್ ಡಬ್ಬಿ ಅಪ್ಪಚ್ಚಿಯಾಯಿತು.

ಇಬ್ಬರೂ ಅದನ್ನೇ ನೋಡುತ್ತ ಕೂತರು.

“ಸೋಸಿದ್ದಿಲ್ರಿ ಅಜ್ಜಾರ. ಸುಳ್ಳ ಹೇಳೀನ್ರಿ.”

ಅಜ್ಜ ಟ್ರೇಲರಿನಿಂದ ಇನ್ನೊಂದು ಮಾರು ಹಿಂದಕ್ಕೆ ಸರಿದರು. ಅದನ್ನು ಕಂಡು ಶಿಷ್ಯನ ಜೀವ ಇನ್ನಷ್ಟು ಹಾರಿತು. ಎಲ್ಲ ಬಲ್ಲವರು ಇವರು, ತನಗೆ ಪಾಠ ಕಲಿಸಲೆಂದೇ ಒಳಗೆ ಹೋಗಿರಬೇಕು ಎಂದು ಅವನು ನಂಬಲು ನೋಡಿದ.

“ನಿಮಗ ಮೊದಲ ಗೊತ್ತಿತ್ತಲ್ರಿ? ನನ್ನ ಪರೀಕ್ಷಾ ಮಾಡಾಕ ಹೋಗಿದ್ರಿ, ಹೌದಲ್ರಿ?” ಹೌದು ಅನ್ನಲಿ ಎಂದು ಅಂಗಲಾಚುವಂತಿತ್ತು ಅವನ ದನಿ.

ಅಜ್ಜ ಮೊಣಕೈಗೆ ಹತ್ತಿದ ಮಣ್ಣು ಒರೆಸಿಕೊಂಡರು.

“ಇಲ್ಲಪಾ. ನೀ ಸೋಸೀನಿ ಅಂದಿ, ನಾ ಒಳಗ ಹೋದೆ.”