ಕುಡಿಕೆ ಒಡೆದ ಹೊಂಬಮ್ಮ

ಒಂದು ಕಾಲ ಇತ್ತಂತೆ ಪುಟ್ಟಿ, ಆಗ ಹೊಳೆಗೆ ಸೇತುವೆ ಇರಲಿಲ್ಲ, ಊರಿಗೆ ಡಾಕ್ಟರೂ ಇರಲಿಲ್ಲ. ಈಚೆ ದಡದಲ್ಲಿ ಹರಿಗೋಲು ಹಾಕೋ ಹೊಂಬಮ್ಮ ಅಂತ ಒಬ್ಬಳಿದ್ದಳಂತೆ, ಅವಳಿಗೆ ನಿನ್ನಷ್ಟೇ ವಯಸ್ಸಿನ ಒಬ್ಬನೇ ಮಗ, ಚಿಕ್ಕೀರ. ಗುಡ್ಡದ ಮೇಲಿನ ಗುರುಸಿದ್ದಮ್ಮ ಅನ್ನೋ ಮುದುಕಿ ಜ್ವರಕ್ಕೆ ಕಷಾಯ ಕಾಯಿಸಿ, ತನ್ನ ಮುದ್ರೆ ಒತ್ತಿದ ಮಣ್ಣಿನ ಕುಡಿಕೇಲಿ ಕೊಡೋಳಂತೆ. ಎಂಥಾ ಕಹಿ ಅಂತೀಯಾ, ಕುಡಿದೋರ ಮುಖ ಹಿಂಡಿದ ಬಟ್ಟೆ ಆಗೋದು, ಆದರೆ ಜ್ವರ ಮಾತ್ರ ಬಿಟ್ಟೇ ಹೋಗೋದಂತೆ.

ಖಾಲಿ ಕುಡಿಕೆ ಯಾರೂ ಒಡೀತಿರಲಿಲ್ಲ. ಮಡಕೆ ಒಡೆಯೋದು ಸಾವಿನ ಮನೇಲಿ, ನಮಗ್ಯಾಕೆ ಆ ಅಪಶಕುನ ಅಂತ. ಅದಕ್ಕೇ ಬತ್ತಾಸಿನೋನು ಬಂದು, ಖಾಲಿ ಕುಡಿಕೆ ಕೊಡ್ರವ್ವಾ, ಬತ್ತಾಸು ತಗೊಳ್ರವ್ವಾ ಅಂತ ಕೂಗಿದರೆ ಎಲ್ಲರೂ ಕೊಟ್ಟುಬಿಡೋರು. ಅದು ನಿಂಗ್ಯಾಕಪ್ಪಾ ಅಂತ ಒಬ್ಬರೂ ಕೇಳಲಿಲ್ಲವಂತೆ, ಬಾಯಿ ಸಿಹಿಯಾದ ಮೇಲೆ ಯಾರು ಕೇಳ್ತಾರೆ ಹೇಳು.

ಆಮೇಲೆ ಚಿಕ್ಕೀರಂಗೆ ಚಳಿಜ್ವರ ಬಂತಂತೆ. ಹೊಂಬಮ್ಮ ಗುಡ್ಡ ಹತ್ತೋಕೆ ಹೊರಟರೆ ಬತ್ತಾಸಿನೋನು ಅಡ್ಡ ಬಂದು, ಯಾಕಕ್ಕಾ ಕಾಲು ನೋಯಿಸ್ಕೊಳ್ತೀಯ, ಗುರುಸಿದ್ದಮ್ಮ ಈಗ ನನ್ನ ಕೈಲೇ ಕಳಿಸ್ತಾಳೆ ಅಂತ ಮುದ್ರೆ ತೋರಿಸಿ, ದುಡ್ಡು ಇಸ್ಕೊಂಡು ಒಂದು ಕುಡಿಕೆ ಕೊಟ್ಟನಂತೆ. ಮೂಗು ಹಿಡಿದು ಕುಡಿಸಬೇಕಾಗಿದ್ದ ಹುಡುಗ ಚಪ್ಪರಿಸಿಕೊಂಡು ಕುಡಿದ. ನನ್ನ ಮಗ ಜಾಣ ಆದ ಅಂತ ಇವಳು ಹಿಗ್ಗಿದ್ದೇ ಹಿಗ್ಗು. ಮೂರು ಹೊತ್ತು ಕುಡಿಸಿದರೂ ಜ್ವರ ಇಳೀಲಿಲ್ಲ, ಏರಿತು. ಮಗು ಕಣ್ಣೇ ಬಿಡದಂಗಾಯ್ತು. ಹೊಂಬಮ್ಮ ಕುಡಿಕೆ ಎತ್ತಿ ನೋಡ್ತಾಳೆ, ತಳದಲ್ಲಿ ಒಂದು ಮೀನು. ಹೋದ ಸಲ ಜ್ವರ ಬಂದಾಗ ಚಿಕ್ಕೀರನೇ ಮಲಗಿದ್ದಲ್ಲೇ ಮೊಳೆಯಲ್ಲಿ ಕೆರೆದಿದ್ದ ಮೀನು. ಬತ್ತಾಸಿಗೆ ಕೊಟ್ಟ ಕುಡಿಕೆಯೇ ತುಂಬಿಕೊಂಡು ವಾಪಸ್ಸು ಬಂದಿದೆ.

ಆ ಕುಡಿಕೆ ಹಿಡ್ಕೊಂಡು ಒಂದೇ ಉಸಿರಿಗೆ ಗುಡ್ಡ ಹತ್ತಿದಳಂತೆ. ಗುರುಸಿದ್ದಮ್ಮ ಬೆರಳು ಅದ್ದಿ ನೆಕ್ಕಿ, ಇದು ಬೆಲ್ಲದ ನೀರು ಕಣೇ, ಇಟ್ಟಿಗೆ ಪುಡಿ ಕಲಸಿದಾನೆ ಅಂದಳು. ಆಗ ಹೊಂಬಮ್ಮಂಗೆ ನೆನಪಾಯ್ತು. ಬೆಳಿಗ್ಗೆ ತಾನೇ ಅವನನ್ನ ಮೂರು ಕುಡಿಕೆ ಸಮೇತ ಆಚೆ ದಡಕ್ಕೆ ದಾಟಿಸಿದ್ದಳು. ಒಂದು ಕಂಬಾರನ ಮನೆಗೆ, ಒಂದು ನೇಕಾರನ ಮನೆಗೆ, ಒಂದು ಅರಮನೆಗೆ ಅಂತ ಅವನೇ ಜಂಬ ಕೊಚ್ಚಿಕೊಂಡಿದ್ದ. ಗುರುಸಿದ್ದಮ್ಮ ಅಂದಳಂತೆ, ನಿನ್ನ ಮನೆಗೆ ಹೋಗಿ ಮಗನಿಗೆ ನಾನು ಕಷಾಯ ಕುಡಿಸ್ತೀನಿ, ನೀನು ಓಡು, ಈ ಹೊಳೆ ನಿನ್ನ ಬಿಟ್ಟರೆ ಯಾರು ದಾಟ್ತಾರೆ. ಮಗನ್ನ ಬಿಟ್ಟು ಹೋಗೋಕೆ ಕರುಳು ಕಿತ್ತು ಬರ್ತಿತ್ತು ಅವಳಿಗೆ, ಆದರೂ ಹೋದಳು.

ಹುಟ್ಟು ಹಾಕ್ತಾಳೆ, ಹಾಕ್ತಾಳೆ, ಹರಿಗೋಲು ಗಿರಗಿರ ತಿರುಗುತ್ತೆ, ದಡ ಮುಟ್ಟಿದ್ದೇ ಹುಟ್ಟು ಕೈಲಿ ಹಿಡ್ಕೊಂಡೇ ಓಟ. ಕಂಬಾರನ ಮನೆ ಅಜ್ಜ ಇನ್ನೂ ಕುಡಿದಿರಲಿಲ್ಲ, ಹೇಳಿದ್ದೇ ಚೆಲ್ಲಿದ. ನೇಕಾರ ಮಾತ್ರ, ನನ್ನ ಹೆಂಡ್ತಿ ಔಷಧಿ ಕಿತ್ಕೊಳ್ಳೋಕೆ ಬಂದ್ಯಾ, ಮುದ್ರೆ ಕಾಣಲ್ವಾ ಅಂತ ಬೈದನಂತೆ. ನೆಕ್ಕಿ ನೋಡಪ್ಪಾ, ಗುರುಸಿದ್ದಮ್ಮನ ಕಷಾಯ ಯಾವತ್ತಾದರೂ ಸಿಹಿ ಇತ್ತಾ ಅಂದಳು. ನೆಕ್ಕಿದ. ನೆಕ್ಕಿದೋನು ಇವಳ ಹಿಂದೇನೇ ಓಡಿಬಂದ.

ನಿದ್ದೆ ಮಾಡ್ಬೇಡ, ಹೂಂ ಅನ್ನು. ಅರಮನೇಲಿ ರಾಜ, ಕಾಯಿಲೆ ಮಗಳಿಗೆ ಕುಡಿಸೋಕೆ ಅಂತ ಕುಡಿಕೆ ಎತ್ತಿದ್ದನಂತೆ. ಕಾವಲಿನೋರು ಹಿಡೀರಿ ಹಿಡೀರಿ ಅಂತ ಬಂದರು. ಬೀಸಿದಳು ನೋಡು ಹುಟ್ಟು, ರಾಜನ ಕೈಲಿದ್ದ ಕುಡಿಕೆ ಚೂರುಚೂರು. ರಾಜ ಕಣ್ಣು ಕೆಂಪಗೆ ಮಾಡಿ, ಕಡೀರಿ ಇವಳ ತಲೆ ಅನ್ನೋಷ್ಟರಲ್ಲಿ ನೆಲದ ಮೇಲೆ ಇರುವೆ ಸಾಲು ಬಂದೇಬಿಡ್ತು. ನೇಕಾರ ತೋರಿಸಿದ, ಬುದ್ಧೀ, ಕಹಿ ಕಷಾಯಕ್ಕೆ ಇರುವೆ ಮುತ್ತುತ್ತಾ ಅಂತ. ರಾಜನ ಸಿಟ್ಟೆಲ್ಲ ಇಳಿದುಹೋಯ್ತಂತೆ.

ಆಮೇಲೆ ಬತ್ತಾಸಿನೋನು ಎಲ್ಲಿ ಸಿಕ್ಕಿದ ಗೊತ್ತಾ? ಹೊಳೆ ದಡದಲ್ಲೇ. ಹರಿಗೋಲು ಇತ್ತು, ಹುಟ್ಟು ಇವಳ ಕೈಲಿತ್ತಲ್ಲ, ಬೆಪ್ಪನ ಹಾಗೆ ಕೂತಿದ್ದನಂತೆ. ಕಾವಲಿನೋರು ಹೆಡೆಮುರಿ ಕಟ್ಟಿ ಎಳ್ಕೊಂಡು ಹೋದರು. ಹೊಂಬಮ್ಮ ಮನೆಗೆ ಬಂದರೆ ಚಿಕ್ಕೀರ ಬೆವತು ಎದ್ದು ಕೂತು, ಅವ್ವಾ ಗಂಜಿ ಅಂದ. ಅವಳು ಅತ್ತಳು ಅತ್ತಳು, ಗಂಜಿ ಕಾಯಿಸ್ತಾನೂ ಅತ್ತಳಂತೆ. ಅವತ್ತೇ ಗುರುಸಿದ್ದಮ್ಮನ್ನ ಆಚೆಗೆ ದಾಟಿಸಿದಳು, ರಾಜನ ಮಗಳೂ ಹುಷಾರಾದಳು, ನೇಕಾರನ ಹೆಂಡ್ತೀನೂ, ಕಂಬಾರನ ಮನೆ ಅಜ್ಜಾನೂ.

ಏನು ಬೇಕು ಕೇಳು ಅಂದನಂತೆ ರಾಜ. ನಂಗೇನೂ ಬೇಡ, ಔಷಧಿ ಮುಗಿದ ಕುಡಿಕೆ ಒಡೀಬೇಕು ಅಂತ ಡಂಗುರ ಹೊಡಿಸಿ ಬುದ್ಧೀ ಅಂದಳು. ಹಿರೀಕರು ಅಪಶಕುನ ಅಂತ ಗೊಣಗಿದರು. ಕುಡಿಕೆ ಉಳಿಸ್ಕೊಂಡು ಮಕ್ಕಳನ್ನ ಕಳ್ಕೊಳ್ತೀರಾ ಅಂತ ಕೇಳಿದಳಂತೆ. ರಾಜ ಅವತ್ತೇ ಡಂಗುರ ಹೊಡಿಸಿದ.

ಆವತ್ತಿಂದ ಹುಷಾರಾದೋರೇ ಹೊಸ್ತಿಲಾಚೆ ನಿಂತು ಕುಡಿಕೆ ಒಡೆಯೋದು ರೂಢಿಯಾಯ್ತು. ಮೊದಲು ಮಡಕೆ ಒಡೆದ ಸದ್ದಿಗೆ ಎದೆ ಹಿಡ್ಕೊಳ್ತಿದ್ದ ಜನ, ಆಮೇಲೆ ಟಪ್ ಅಂತ ಕೇಳಿದರೆ ಸಾಕು, ಓಹೋ, ಯಾರೋ ಎದ್ದು ಕೂತರು ಅಂತ ಇದ್ದಲ್ಲೇ ನಗೋರಂತೆ. ಅಷ್ಟೇ ಕಣೇ, ಅವರ ಕತೆ ಅಲ್ಲಿಗೆ ಮುಗೀತು.